ಗೌನಿಗೊಂದು ಉಡಿ

ಆ ಚಳಿಗಾಲ ಪೂರ್ತಿ ಲಿಂಗಸುಗೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಒಬ್ಬ ತಲೆಯಿಲ್ಲದ ಹೆಂಗಸು ನಿಂತಿದ್ದಳು. ಖಾಕಿ ಕಾಗದದ ಮೈ, ಒಳಗೆ ಹತ್ತಿ, ಕೆಳಗೆ ಕಟ್ಟಿಗೆಯ ಸ್ಟ್ಯಾಂಡು. ಮಾಡಿದವಳು ನಾನೇ. ಆದರೂ ದೀಪ ಹಚ್ಚುವ ಹೊತ್ತಿಗೆ ಆ ಕಡೆ ಹಾಯುವಾಗ ಎದೆ ಧಸಕ್ಕೆನ್ನುತ್ತಿತ್ತು. ಬಾಗಿಲ ಗಾಳಿಗೆ ಮೈಮೇಲಿನ ಹಸಿರು ಬಟ್ಟೆ ಉಸಿರಾಡಿದ ಹಾಗೆ ಏಳುತ್ತಿತ್ತು, ಇಳಿಯುತ್ತಿತ್ತು. ಈಗ ನನಗೆ ಎಂಬತ್ತು ದಾಟಿದೆ. ಸೂಜಿಗೆ ದಾರ ಪೋಣಿಸಲು ಮೊಮ್ಮಗಳನ್ನು ಕೂಗಬೇಕು, ಎದುರು ಮನೆಯವರ ಮುಖ ಮಂಜು ಮಂಜು. ಆ ಕಾಗದದ ಹೆಂಗಸು ಮಾತ್ರ ಮಂಜಾಗಿಲ್ಲ.

ಅದು ಹಟ್ಟಿ ಚಿನ್ನದ ಗಣಿಯಲ್ಲಿದ್ದ ಒಬ್ಬ ಇಂಗ್ಲಿಷ್ ಇಂಜಿನಿಯರ್ ಸಾಹೇಬರ ಹೆಂಡತಿಯ ಮೈ. ಯುದ್ಧ ಮುಗಿದಿತ್ತು, ಬಟ್ಟೆಯ ಕಂಟ್ರೋಲು ಮುಗಿದಿರಲಿಲ್ಲ. ಕಚೇರಿಗಳಲ್ಲಿ ಇನ್ನೂ ನಿಜಾಮರ ಮೊಹರೇ ಬೀಳುತ್ತಿತ್ತು. ಸಿಕಂದರಾಬಾದಿನ ಕಾನ್ವೆಂಟ್ ಬೋರ್ಡಿಂಗಿನಿಂದ ಹೊಲಿಗೆ, ಪಿಯಾನೋ, ಟೇಬಲ್ ಮ್ಯಾನರ್ಸ್ ಎಲ್ಲ ಕಲಿತು ಬಂದ ನನಗೆ ಲಿಂಗಸುಗೂರಿನಲ್ಲಿ ಉಪಯೋಗಕ್ಕೆ ಬಂದದ್ದು ಹೊಲಿಗೆ ಒಂದೇ. ಗಣಿಯ ಡಾಕ್ಟರ ಹೆಂಡತಿ ತುಂಬಿದ ಮೈಯವರು. ಕ್ಲಬ್ಬಿನ ಫಾಕ್ಸ್‌ಟ್ರಾಟ್‌ ಕುಣಿತಕ್ಕೆಂದು ಅವರಿಗೊಂದು ಫ್ರಾಕ್ ಹೊಲಿದುಕೊಟ್ಟಿದ್ದೆ. ಸೊಂಟದಲ್ಲಿ ಸೇರಿಸಿ ಹೊಲಿಯುವ ಬದಲು ಭುಜದಿಂದ ಪಾದದವರೆಗೆ ಉದ್ದುದ್ದ ಪಟ್ಟಿಗಳು, ಮೇಲೆ ಕಿರಿದು, ಕೆಳಗೆ ಅಗಲ. ನಿಂತಾಗ ಕಂಬದ ಹಾಗೆ, ತಿರುಗಿದಾಗ ಛತ್ರಿಯ ಹಾಗೆ. "ನೀನು ನನ್ನ ಮೈಯಿಂದ ಒಂದು ಮಣ ಇಳಿಸಿದಿ" ಎಂದು ಅವರು ಊರೆಲ್ಲ ಹೇಳಿಕೊಂಡು ಬಂದರು.

ಹೀಗಾಗಿ ಒಂದು ಗುರುವಾರ ಇಂಜಿನಿಯರ್ ಸಾಹೇಬರ ಕಪ್ಪು ಮೋಟಾರು ನಮ್ಮ ಮನೆ ಮುಂದೆ ನಿಂತಿತು. ಊರಿಗೆಲ್ಲ ಗೊತ್ತಿದ್ದ ಮೋಟಾರು ಅದು. ಪ್ರತಿ ಗುರುವಾರ ಹಟ್ಟಿಯಿಂದ ಬಂದು ಹಳೆಯ ದಂಡಿನ ಪ್ರದೇಶದ ಗೋರಿತೋಟಕ್ಕೆ ಹೋಗುತ್ತಿತ್ತು. ಅಲ್ಲಿ ಅವರ ಮಗಳಿದ್ದಳು. ಇನ್ನೂ ಓಡಾಡಲು ಕಲಿಯುತ್ತಿದ್ದ ಮಗು, ಜ್ವರದಲ್ಲಿ ಹೋದದ್ದು.

ಮೇಡಂ ಒಳಗೆ ಬಂದರು. ನಮ್ಮ ತಲಬಾಗಿಲು ಸಣ್ಣದು, ಓರೆಯಾಗಿ ಬಂದರು. ಕುರ್ಚಿ ಕೊಟ್ಟರೆ ಅದರ ಕೈಗಳನ್ನು ಒಮ್ಮೆ ನೋಡಿ, ನಗುತ್ತ ಹಾಸಿಗೆಪೆಟ್ಟಿಗೆಯ ಮೇಲೆ ಕೂತರು. ಅವರಿಗೆ ಬರುತ್ತಿದ್ದದ್ದು ಇಂಗ್ಲಿಷ್ ಒಂದೇ.

"ನಾನು ದಪ್ಪ ಇದ್ದೇನೆ. ಲೆಟ್ ಅಸ್ ನಾಟ್ ಬಿ ಪೊಲೈಟ್ ಅಬೌಟ್ ಇಟ್. ಮೊದಲು ಹೀಗಿರಲಿಲ್ಲ. ಈಗ ಹೀಗಿದ್ದೇನೆ. ಈ ಮೈಯಲ್ಲಿ ಒಂದು ವಾಲ್ಟ್ಜ್ ಕುಣಿಯಬೇಕು."

ಮಿಕ್ಕದ್ದನ್ನು ಅವರು ಕಿಟಕಿಯ ಕಡೆ ನೋಡುತ್ತ ಹೇಳಿದರು. ಕ್ರಿಸ್ಮಸ್ ಕಳೆದ ಮೇಲೆ ಗಂಡ ಹೆಂಡತಿ ವಿಲಾಯತಿಗೆ ಹೊರಡುವವರು, ತಿರುಗಿ ಬರುವುದಿಲ್ಲ. ಹೊರಡುವ ಮೊದಲು ಕ್ಲಬ್ಬಿನಲ್ಲಿ ಫೇರ್‌ವೆಲ್ ಡ್ಯಾನ್ಸ್. ಮಗು ಹೋದ ಮರುವರ್ಷ ಒಮ್ಮೆ ಕ್ಲಬ್ಬಿಗೆ ಹೋಗಿದ್ದರಂತೆ. ಗಂಡನ ಭುಜಕ್ಕೆ ಕೈ ಎತ್ತಿದ್ದೇ ತಡ, ಕಂಕುಳ ಹೊಲಿಗೆ ಪರ್ರೆಂದು ಬಿಚ್ಚಿತು. ಬ್ಯಾಂಡಿಗಿಂತ ಆ ಸದ್ದೇ ದೊಡ್ಡದಾಗಿ ಕೇಳಿಸಿತು. ಯಾರೋ ಕಿಸಕ್ಕೆಂದರು. ಇವರು ಹೊರಗೆ ಬಂದು ಮೋಟಾರಿನಲ್ಲಿ ಕೂತರು.

"ಅವರು ಬರಲಿಲ್ಲ. ಹಿ ಸ್ಟೇಯ್ಡ್. ಬೇರೆಯವರ ಹೆಂಡತಿಯ ಜೊತೆ ಆ ಡ್ಯಾನ್ಸ್ ಮುಗಿಸಿದರು. ಅದು ಅವರ ಮರ್ಯಾದೆ. ಅಂದಿನಿಂದ ನಾವು ಮಗಳ ಹೆಸರನ್ನು ಮನೆಯಲ್ಲಿ ಅಂದಿಲ್ಲ. ಅವರೂ ಅಂದಿಲ್ಲ, ನಾನೂ ಅಂದಿಲ್ಲ. ಅವಳನ್ನು ಇಲ್ಲಿ ಬಿಟ್ಟು ಹೋಗುತ್ತಿದ್ದೇವೆ. ಆ ಕ್ಲಬ್ಬಿನ ನೆಲದ ಮೇಲೆ ಒಮ್ಮೆ ನಾವಿಬ್ಬರೂ ಕೈ ಹಿಡಿದು ನಿಲ್ಲದಿದ್ದರೆ, ಹಡಗಿನಲ್ಲಿ ಎರಡು ಟ್ರಂಕು ಹೋದ ಹಾಗೆ ಹೋಗುತ್ತೇವೆ, ಮೈ ಡಿಯರ್. ಅಷ್ಟೇ."

ಕಾನ್ವೆಂಟಿನ ಹೊಲಿಗೆ ಸಿಸ್ಟರ್ 'ಸ್ಟೌಟ್ ಫಿಗರ್' ಎಂಬ ಪಾಠವನ್ನು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು: ಅಡಗಿಸು. ಕಡುಬಣ್ಣ, ಹೊಳಪಿಲ್ಲದ ಬಟ್ಟೆ, ಅಡ್ಡಗೆರೆ ಎಲ್ಲೂ ಬೇಡ, ಕೊರಳು ವಿ ಆಕಾರದಲ್ಲಿ ಇಳಿಯಲಿ. ಮೇಡಂ ಯುದ್ಧಕ್ಕೆ ಮುಂಚೆ ಕೊಂಡಿಟ್ಟಿದ್ದ ಬಾಟಲ್ ಹಸಿರು ಕ್ರೇಪ್ ತಂದಿದ್ದರು. ಬಣ್ಣ ಸರಿ, ಹೊಳಪಿಲ್ಲ, ತೂಕ ಚೆನ್ನಾಗಿದೆ. ಆದರೆ ಬಟ್ಟೆ ಇದ್ದದ್ದು ಅಳತೆಗೆ ತಕ್ಕಷ್ಟೇ. ಒಂದು ಕತ್ತರಿ ತಪ್ಪಿದರೂ ಇನ್ನೊಂದು ತುಂಡು ಸಿಗುವಂತಿರಲಿಲ್ಲ. ಮೇಲಾಗಿ ಹಟ್ಟಿಯಿಂದ ಗಳಿಗೆಗೊಮ್ಮೆ ಬಾ ಎಂದು ಅವರನ್ನು ಕರೆಯಲಾಗದು. ಹಾಗಾಗಿ ಅವರ ಮೈಯ ಒಂದು ನಕಲನ್ನೇ ಮನೆಯಲ್ಲಿ ಇಟ್ಟುಕೊಳ್ಳಬೇಕೆಂದು ನಿಶ್ಚಯಿಸಿದೆ.

ಅದರ ಕ್ರಮ ಹೀಗೆ. ಮೈಗೆ ಹತ್ತಿಕೊಳ್ಳುವ ಹಳೆಯ ಬನಿಯನ್ ತೊಡಿಸಿ, ಅದರ ಮೇಲೆ ಅಂಟು ಸವರಿದ ಖಾಕಿ ಕಾಗದದ ಪಟ್ಟಿಗಳನ್ನು ಒಂದರ ಮೇಲೊಂದು ಓರೆಯಾಗಿ ಅಂಟಿಸುತ್ತ ಹೋಗಬೇಕು. ಒಂದು ಸುತ್ತು ಹೀಗೆ, ಮೇಲಿನ ಸುತ್ತು ಅದಕ್ಕೆ ಅಡ್ಡ. ಒಣಗಿ ಗಟ್ಟಿಯಾದ ಮೇಲೆ ಬೆನ್ನಿಗುಂಟ ಕತ್ತರಿಸಿ, ಬಾಳೆಯ ಪಟ್ಟೆ ಬಿಡಿಸಿದ ಹಾಗೆ ಬಿಡಿಸಿಕೊಳ್ಳಬೇಕು. ಅಂಟು ಕಾಯಿಸಿ ಕೊಟ್ಟವಳು ನಮ್ಮ ಅತ್ತಿ, ಅಪ್ಪನ ಅಕ್ಕ. ಅತ್ತಿಯನ್ನು ಕೊಟ್ಟದ್ದು ಮಸ್ಕಿಗೆ. ಮಕ್ಕಳಾಗಲಿಲ್ಲವೆಂದು ಮಾವ ಇನ್ನೊಬ್ಬಳನ್ನು ಮಾಡಿಕೊಂಡ ದಿನ ತಮ್ಮನ ಮನೆಗೆ ನಡೆದು ಬಂದವಳು, ಮತ್ತೆ ಹೋಗಲಿಲ್ಲ. ಹಣೆ ತುಂಬ ವಿಭೂತಿ, ಅದರ ಕೆಳಗೆ ಕಾಸಿನಗಲ ಕುಂಕುಮ. ಮೈಯಲ್ಲಿ ಮೇಡಂಗೇನೂ ಕಡಿಮೆಯಿಲ್ಲ.

ಅರ್ಧ ಮೈ ಕಾಗದ ಆಗಿತ್ತು. ಅತ್ತಿ ಅಂಟಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತು ನೋಡಿದಳು.

"ಏನ ಬೇ, ಮೇಮ್‌ಸಾಬರನ್ನ ಪಾರ್ಸಲ್ ಕಟ್ಟಿ ವಿಲಾಯ್ತಿಗೆ ಕಳಸ್ತಿಯೇನು? ಹಡಗದ ಚಾರ್ಜು ಉಳೀತು ಬಿಡು."

"ವಾಟ್ ಡಸ್ ಶೀ ಸೇ?" ಎಂದರು ಮೇಡಂ. ಹೇಳಿದೆ. ಅವರು ನಕ್ಕ ನಗೆಗೆ ಹೊಟ್ಟೆಯ ಮೇಲಿನ ಕಾಗದ ಚರ್ರೆಂದು ಬಿರಿಯಿತು.

"ನಗಬ್ಯಾಡ್ರಿ ತಾಯಿ! ಈ ಹುಡುಗಿ ನಿಮ್ಮನ್ನ ಮತ್ತ ಮೊದಲಿಂದ ಅಂಟಸ್ತಾಳ" ಎಂದು ಅತ್ತಿ ಕೈ ಆಡಿಸಿದಳು. ಅದನ್ನು ಹೇಳಲು ಹೋಗದೆ ಬಿರುಕಿಗೆ ಇನ್ನೊಂದು ಪಟ್ಟಿ ಹಚ್ಚಿದೆ.

ಒಣಗಿಸಲು ಸುತ್ತಲೂ ಶೇಗಡಿಯಲ್ಲಿ ಕೆಂಡ ಇಟ್ಟೆವು. ಮೊದಮೊದಲು ಮೇಡಂ ಫೋಟೋಕ್ಕೆ ನಿಂತ ಹಾಗೆ ನೆಟ್ಟಗೆ ನಿಂತಿದ್ದರು. ಹೊತ್ತಾಗುತ್ತ ಮಾತು ನಿಂತಿತು, ಕಣ್ಣು ಕಿಟಕಿಯಾಚೆ ಎಲ್ಲೋ ಹೋಯಿತು. ಕಾಗದ ಗಟ್ಟಿಯಾದದ್ದು ಆ ಹೊತ್ತಿನಲ್ಲಿ. ಬೆನ್ನು ಕತ್ತರಿಸಿ ತೆಗೆದು, ಮತ್ತೆ ಕೂಡಿಸಿ ಸ್ಟ್ಯಾಂಡಿಗೆ ಏರಿಸಿದಾಗ ನೋಡುತ್ತೇನೆ, ಕಾಗದದ ಹೆಂಗಸು ಸೊಟ್ಟ! ಎಡಗಡೆಯ ಟೊಂಕ ಹೊರಗೆ ಚಾಚಿದೆ, ಎಡಭುಜ ತುಸು ಮೇಲೆ. ಕೆಂಡ ಒಂದು ಕಡೆ ಹೆಚ್ಚಾಗಿ ಕಾಗದ ಎಳೆದುಕೊಂಡಿದೆ ಎಂದುಕೊಂಡೆ. ಸಿಸ್ಟರ್ ಇಂಥ ಡಮ್ಮಿಯನ್ನು ಕ್ಲಾಸಿನಲ್ಲಿ ನಿಲ್ಲಗೊಡುತ್ತಿರಲಿಲ್ಲ. ಎಡಗಡೆ ಒತ್ತಿ, ಬಲಗಡೆ ಹತ್ತಿ ತುರುಕಿ, ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೋಡಿ, ಅವಳನ್ನು ನೆಟ್ಟಗೆ ನಿಲ್ಲಿಸಿದೆ. ಹಾಗೆ ತಿದ್ದಿದ್ದಕ್ಕೆ ನನಗೆ ಹೆಮ್ಮೆಯೂ ಆಯಿತು.

ಕ್ರೇಪನ್ನು ಓರೆಯಾಗಿ ಕತ್ತರಿಸಿದೆ. ಓರೆ ಕತ್ತರಿಸಿದ ಬಟ್ಟೆ ಮೈಯನ್ನು ಬಿಗಿಯುವುದಿಲ್ಲ, ಅದರ ಗುಂಟ ಹರಿಯುತ್ತದೆ. ಆದರೆ ಅದು ತನ್ನ ಭಾರಕ್ಕೆ ತಾನೇ ಇಳಿಯುತ್ತ ಹೋಗುತ್ತದೆ. ಆದ್ದರಿಂದ ಕೆಲವು ದಿನ ತೂಗುಬಿಟ್ಟು, ಇಳಿಯುವಷ್ಟು ಇಳಿದ ಮೇಲೆ ಅಂಚು ಕತ್ತರಿಸಿ ಮಡಚಬೇಕು. ಹಾಗೆ ತೂಗುಬಿಟ್ಟಾಗಲೇ ಅದು ಉಸಿರಾಡತೊಡಗಿದ್ದು. ನೀರು ತರುವ ಹೆಂಗಸು ಪಡಸಾಲೆ ದಾಟುವುದನ್ನು ಬಿಟ್ಟು ಹಿತ್ತಲಿಂದ ಬರತೊಡಗಿದಳು.

ಮೊದಲ ಫಿಟಿಂಗಿನಲ್ಲಿ ತೋಳು ಕೈಕೊಟ್ಟಿತು. ವಾಲ್ಟ್ಜ್‌ನಲ್ಲಿ ಹೆಂಗಸಿನ ಎಡಗೈ ಗಂಡಸಿನ ಭುಜದ ಮೇಲಿರಬೇಕು, ಬಲಗೈ ಅವನ ಕೈಯಲ್ಲಿ ಅಗಲಕ್ಕೆ. ಮೇಡಂ ಕೈ ಎತ್ತಿದ ಕೂಡಲೇ ಇಡೀ ಗೌನು ಅವರ ಜೊತೆ ಮೇಲೆದ್ದಿತು. ದಪ್ಪ ತೋಳಿಗೆ ಜಾಗ ಬೇಕೆಂದು ಕಂಕುಳನ್ನು ಆಳವಾಗಿ ಕತ್ತರಿಸಿದ್ದೆ. ಜಾಗವೇನೋ ಸಿಕ್ಕಿತು, ಕೈ ಏಳಲಿಲ್ಲ. ಅವರು ಹೋದ ಮೇಲೆ ಹಿತ್ತಲಲ್ಲಿ ತಲೆ ಹಿಡಿದುಕೊಂಡು ಕೂತಿದ್ದಾಗ ಹಗ್ಗದ ಮೇಲೆ ಅತ್ತಿಯ ಕುಬಸ ಒಣಗುತ್ತಿತ್ತು. ಒನಕೆ ಎತ್ತಿ ಕುಟ್ಟುವವಳ ಕುಬಸ ಎಂದಾದರೂ ಹರಿದಿದೆಯೇ? ಎದ್ದು ನೋಡಿದರೆ ಕಂಕುಳಲ್ಲಿ ಚೌಕನೆಯ ಒಂದು ಸಣ್ಣ ತುಂಡು. ನಮ್ಮ ಕಡೆಯ ದರ್ಜಿಗಳು ಗಂಡಸರ ಅಂಗಿಗೂ ಇಡುವ ಚೌಬಗಲಾ. ಕಂಕುಳನ್ನು ಮತ್ತೆ ಮೇಲೇರಿಸಿ ಆ ತುಂಡನ್ನು ಇಟ್ಟೆ. ಮುಂದಿನ ಗುರುವಾರ ಮೇಡಂ ಎರಡೂ ಕೈ ಎತ್ತಿ ಸೂರಿನ ಜಂತಿ ಮುಟ್ಟುವವರ ಹಾಗೆ ನಿಂತರು. ಗೌನು ಅಲುಗಲಿಲ್ಲ.

"ಕ್ಲೆವರ್ ಗರ್ಲ್. ಈಗ ಡ್ಯಾನ್ಸ್ ಮಾಡು ನನ್ನ ಜೊತೆ. ನೀನು ಗಂಡಸು."

ಅವರೇ ತಂದಿದ್ದ ಗ್ರಾಮಫೋನಿಗೆ ಕೀಲಿ ಕೊಟ್ಟೆವು. ಅವರ ಕಾಲು ಎಷ್ಟು ಹಗುರ! ನೆಲಕ್ಕೆ ತಾಕಿತೋ ಇಲ್ಲವೋ ತಿಳಿಯದ ಹಾಗೆ ತೇಲಿದರು. ಎರಡು ಸುತ್ತು ಚೆನ್ನಾಗಿ ನಡೆಯಿತು. ಹಾಡಿನ ಗುಂಗು ಹತ್ತಿದ ಮೇಲೆ ಗೌನಿನ ಎಡಗಡೆ ಮೇಲೇರಿತು, ಬಲಗಡೆ ನೆಲಕ್ಕೆ ಬಿತ್ತು. ಬಲಗಾಲು ಅದರ ಮೇಲೆ, ನಡುವಿನಲ್ಲಿ ಹೊಲಿಗೆ ಬಿಚ್ಚಿದ ಸದ್ದು. ಅವರು ಅಲ್ಲೇ ನಿಂತರು.

ನಿಲ್ಲಿಸಿ ಅಳೆದೆ. ಅಂಚು ನೂಲು ಹಿಡಿದ ಹಾಗೆ ಸಮ. ಮತ್ತೆ ಗ್ರಾಮಫೋನ್, ಮತ್ತೆ ಅದೇ. ಹಾಡು ಶುರುವಾದರೆ ಅಂಚು ಸೊಟ್ಟ, ಹಾಡು ನಿಂತರೆ ನೆಟ್ಟಗೆ. ನನ್ನ ಬೆನ್ನಿಗೆ ಚಳಿ ಹತ್ತಿತು. ನಾವಿಬ್ಬರೇ ಕುಣಿಯುತ್ತಿದ್ದೇವೆಯೋ, ಇನ್ನೊಂದು ಕೈ ಬಂದು ಆ ಲಂಗವನ್ನು ಎತ್ತುತ್ತಿದೆಯೋ ಅನಿಸಿತು.

"ಗೌನಿನದಲ್ಲ ತಪ್ಪು, ನನ್ನದು" ಎಂದರು ಮೇಡಂ. ತಾವೇ ಹುಕ್ಕು ಬಿಚ್ಚಿಕೊಂಡು, ಗೌನನ್ನು ಮಡಚಿ ಹಾಸಿಗೆಪೆಟ್ಟಿಗೆಯ ಮೇಲೆ ಇಟ್ಟರು. "ಬಿಟ್ಟುಬಿಡು. ಅವರೊಬ್ಬರೇ ಹೋಗಲಿ ಕ್ಲಬ್ಬಿಗೆ. ಅವರಿಗೆ ಅಭ್ಯಾಸ ಇದೆ." ಗ್ರಾಮಫೋನನ್ನೂ ಅಲ್ಲೇ ಬಿಟ್ಟು ಹೋದರು.

ಮರುದಿನ ಸಿಟ್ಟಿನಿಂದ ಡಮ್ಮಿಯ ಹತ್ತಿಯನ್ನೆಲ್ಲ ಕಿತ್ತು ತೆಗೆದೆ. ಒಳಗೆ ಏನೂ ಇಲ್ಲದಾಗ ಕಾಗದ ಸಣ್ಣಗೆ ಕಿರುಗುಟ್ಟಿತು. ನಾನು ಒತ್ತಿ ಕೂಡಿಸಿದ್ದ ಎಡಟೊಂಕ ಮೆಲ್ಲಗೆ ಹೊರಗೆ ಬಂತು, ಭುಜ ಮೇಲೇರಿತು. ನನ್ನ ಕಣ್ಣೆದುರಿಗೇ ಅವಳು ತನ್ನ ಮೊದಲಿನ ನಿಲುವಿಗೆ ಹೋಗಿ ನಿಂತಳು. ಕೈಯಲ್ಲಿದ್ದ ಹತ್ತಿಯನ್ನು ಕೆಳಗೆ ಬಿಟ್ಟು ಹಿಂದೆ ಸರಿದೆ. ಹಿಂದೆ ಅತ್ತಿ ನಿಂತಿದ್ದಳು.

"ಈಗ ಬರೋಬ್ಬರಿ ನಿಂತಾಳ ನೋಡು" ಎಂದಳು. "ಆಕಿ ಬಗಲಾಗ ಕೂಸು ಕುಂತಿತ್ತು. ನೀ ಅದನ್ನ ಇಳಿಸಿಬಿಟ್ಟಿದ್ದಿ."

"ಕೂಸು ಎಲ್ಲೈತಿ ಅತ್ತಿ?"

"ಕೂಸು ಗೋರ್ಯಾಗ ಐತಿ. ಅದು ಟೊಂಕಕ್ಕ ತಿಳೀಬೇಕಲ್ಲ."

ಅತ್ತಿ ಕಾಗದದ ಟೊಂಕದ ಮೇಲೆ ಒಮ್ಮೆ ಕೈ ಆಡಿಸಿ, "ನನಗೇನ್ ಗೊತ್ತು, ನನ್ನ ಟೊಂಕ ಯಾವಾಗ್ಲೂ ನೆಟ್ಟಗ" ಎಂದು ನಕ್ಕು ಅಡಿಗೆಮನೆಗೆ ಹೋದಳು.

ಆಮೇಲೆ ನನಗೆ ಎಲ್ಲ ಕಂಡಿತು. ಓಣಿಯಲ್ಲಿ ಬಿಂದಿಗೆ ಹಿಡಿದು ನಿಂತ ಎಲ್ಲ ತಾಯಂದಿರದೂ ಅದೇ ನಿಲುವು. ಎಡಟೊಂಕ ಹೊರಗೆ, ಅದರ ಮೇಲೆ ಕೂಸು, ಬಲಗೈ ಕೆಲಸಕ್ಕೆ ಬಿಡುವು. ಅಳತೆ ಟೇಪು ಕಂಡ ಕೂಡಲೇ ಮೇಡಂ ನೆಟ್ಟಗಾಗುತ್ತಿದ್ದರು. ಮೈಮರೆತಾಗ, ಹಾಡು ಕೇಳಿದಾಗ, ಟೊಂಕ ತನ್ನ ಜಾಗಕ್ಕೆ ಹೋಗುತ್ತಿತ್ತು. ಟೊಂಕ ಚಾಚಿದ ಕಡೆ ಬಟ್ಟೆ ಹೆಚ್ಚು ಬೇಕು. ಅಲ್ಲಿ ಸಾಲದ್ದಕ್ಕೇ ಲಂಗ ಮೇಲೇರುತ್ತಿತ್ತು. ಅದರಲ್ಲಿ ದೆವ್ವವೂ ಇಲ್ಲ, ಭೂತವೂ ಇಲ್ಲ. ಆದರೂ ನನ್ನ ಚಳಿ ಬಿಡಲಿಲ್ಲ.

ಎರಡು ದಾರಿ ಇದ್ದವು. ಒಳಗೊಂದು ಗಟ್ಟಿ ಕಾರ್ಸೆಟ್ ಹೊಲಿದು, ಬೋನ್ ಎನ್ನುವ ಉಕ್ಕಿನ ಕಡ್ಡಿ ಹಾಕಿ, ಅವರನ್ನು ನೆಟ್ಟಗೆ ಬಿಗಿದುಬಿಡುವುದು ಒಂದು. ಸಿಸ್ಟರ್ ಇದ್ದಿದ್ದರೆ ಅದನ್ನೇ ಮಾಡಿಸುತ್ತಿದ್ದರು. ಇನ್ನೊಂದು, ಗೌನನ್ನು ಆ ನಿಲುವಿಗೇ ಕತ್ತರಿಸುವುದು. ಹಾಗೆ ಕತ್ತರಿಸಿದರೆ ಅವರು ತಮ್ಮಂತೆ ತಾವು ನಿಂತಾಗ ಮಾತ್ರ ಅಂಚು ಸಮ. ನೆಟ್ಟಗೆ ನಿಂತರೆ ಎಡಗಡೆ ನೆಲಕ್ಕೆ ಎಳೆಯುತ್ತದೆ. ಮೇಲಾಗಿ ಚಾಚಿದ ಟೊಂಕ ಎಲ್ಲರ ಕಣ್ಣಿಗೆ ಬೀಳುತ್ತದೆ. ಕಾರ್ಸೆಟ್ ಹಾಕಿಕೊಂಡು ಅವರು ಕುಣಿಯಬಹುದಾಗಿತ್ತು. ಆದರೆ ಕುಣಿಯುವುದು ಯಾರು? ಕಾಗದದ ಹೆಂಗಸನ್ನು ಒತ್ತಿ ನಿಲ್ಲಿಸಿದ ನನ್ನ ಕೈಗೆ ಇನ್ನೊಮ್ಮೆ ಅದು ಒಗ್ಗಲಿಲ್ಲ. ಎಡಗಡೆಯ ಪಟ್ಟಿಯನ್ನು ಬಿಚ್ಚಿ, ಅಂಚಿನೊಳಗೆ ಮಡಚಿದ್ದ ಬಟ್ಟೆಯನ್ನು ಕೆಳಗಿಳಿಸಿದೆ.

ಚಾಚಿದ ಟೊಂಕಕ್ಕೆ ಒಂದು ಕಾರಣ ಕೊಡಬೇಕಾಗಿತ್ತು. ನಮ್ಮ ಹೆಂಗಸರು ಉಡಿ ಕಟ್ಟಿಕೊಂಡಾಗ, ಸೆರಗಿನ ಮಡಿಲಲ್ಲಿ ಕಡಲೆಯೋ ಸೊಪ್ಪೋ ತುಂಬಿಕೊಂಡು ಟೊಂಕಕ್ಕೆ ಸಿಕ್ಕಿಸಿ ಬರುವಾಗ, ಅವರ ಹೊಟ್ಟೆ ಯಾರ ಕಣ್ಣಿಗೂ ಬೀಳುವುದಿಲ್ಲ, ಉಡಿ ಮಾತ್ರ ಕಾಣುತ್ತದೆ. ಗೌನಿಗೊಂದು ಉಡಿ ಇಟ್ಟರೆ? ಬಲಗಡೆ ಎದೆಯ ಕೆಳಗೆ ನೆರಿಗೆ ಹಿಡಿದು ಶುರುವಾಗಿ, ಹೊಟ್ಟೆಯ ಮೇಲೆ ಓರೆಯಾಗಿ ಇಳಿದು, ಎಡಟೊಂಕದ ಮೇಲೆ ಜೋಲುವ ಒಂದು ಮಡಿಲು. ಓರೆಗೆರೆ ಅಗಲವನ್ನು ಕತ್ತರಿಸುತ್ತದೆ, ಜೋಲು ಟೊಂಕವನ್ನು ತನ್ನದಾಗಿಸಿಕೊಳ್ಳುತ್ತದೆ. ಅಡಗಿಸು ಎಂದ ಸಿಸ್ಟರ್ ಮಾತನ್ನು ನಾನು ಮೊದಲ ಸಲ ಮೀರಿದ್ದು ಅಲ್ಲಿ.

ಆದರೆ ಬಟ್ಟೆ? ಲಿಂಗಸುಗೂರಿನ ಅಂಗಡಿಗಳಲ್ಲಿ ಕಂಟ್ರೋಲಿನ ಒರಟು ಮಾದರಪಾಟು ಬಟ್ಟೆ ಬಿಟ್ಟರೆ ಏನಿಲ್ಲ. ಸಿಂಧನೂರಿನಲ್ಲಿ ಒಬ್ಬ ಸಾವುಕಾರ ಹಳೆಯ ರೇಷ್ಮೆ ಇಟ್ಟಿದ್ದಾನೆಂದು ಅತ್ತಿಯೇ ಹೇಳಿ, ತಾನೇ ಜೊತೆಗೆ ಹೊರಟಳು. ಮಸ್ಕಿಯಲ್ಲಿ ಬಸ್ಸು ನಿಂತಾಗ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಮಲಗಿದವಳ ಹಾಗೆ ಕೂತಳು. ಬಸ್ಸು ಊರು ದಾಟಿದ ಮೇಲೆ ಸೆರಗು ತೆಗೆದು, "ಧೂಳು ಭಾಳ ಈ ಊರಾಗ" ಎಂದಳು.

ಸಾವುಕಾರ ಗಾದಿಯ ಮೇಲೆ ಒರಗಿ ನಮ್ಮನ್ನು ಮೇಲಿಂದ ಕೆಳಗೆ ನೋಡಿದ. "ಅಂಚಿಲ್ಲದ ರೇಷ್ಮಿ, ಇಷ್ಟ್ ಉದ್ದ? ಡೇರೆ ಹೊಡಸ್ತೀರೇನ್ರಿ ಅಕ್ಕಾರ?"

"ಹೂಂನ್ರೀ ಸಾವುಕಾರ್ರ, ಡೇರೆನ ಹೊಡಸ್ತೀವಿ" ಎಂದಳು ಅತ್ತಿ. "ನಿಮ್ಮ ಅಂಗಡಿ ಎಷ್ಟ್ ಸಣ್ಣದೈತಿ ಅಂದ್ರ, ನಾ ಒಳಗ ಬಂದ್ರ ನೀವು ಹೊರಗ ಕುಂದರಬೇಕು. ಅದಕ ಡೇರೆ."

ಗುಮಾಸ್ತ ಮುಖ ತಿರುಗಿಸಿ ಕೆಮ್ಮಿದ. ಸಾವುಕಾರ ನಕ್ಕು, ತಾನೇ ಎದ್ದು ಒಳಗಿನಿಂದ ಒಂದು ಗಂಟು ತಂದ. ಎಳೆ ಬಾಳೆಲೆಯ ಹಸಿರು. ನಮ್ಮ ಕ್ರೇಪಿಗಿಂತ ಒಂದು ಛಾಯೆ ತಿಳಿ, ಎಲೆಯ ಬೆನ್ನಿಗೂ ಹೊಟ್ಟೆಗೂ ಇರುವಷ್ಟು ಅಂತರ. ಮುಷ್ಟಿಯಲ್ಲಿ ಹಿಡಿದು ಬಿಟ್ಟೆ, ಸುಕ್ಕು ನಿಲ್ಲಲಿಲ್ಲ. ಇದೇ ಸಾಕು.

ಮಡಿಲನ್ನು ಕಾಗದದ ಹೆಂಗಸಿನ ಮೇಲೆಯೇ ಕೂಡಿಸಿದೆ. ನೆರಿಗೆ ಹೆಚ್ಚಾದರೆ ಹೊಟ್ಟೆ ದೊಡ್ಡದಾಗಿ ಕಾಣುತ್ತದೆ, ಕಡಿಮೆಯಾದರೆ ಬಿಗಿಯುತ್ತದೆ. ಹಚ್ಚಿದೆ, ಬಿಚ್ಚಿದೆ, ಮತ್ತೆ ಹಚ್ಚಿದೆ. ಕೊನೆಗೆ ಜೋಲನ್ನು ಹೊಲಿಗೆಯಿಂದ ಬಿಗಿಯದೆ, ಟೊಂಕದ ಹತ್ತಿರ ಒಂದು ಕುಣಿಕೆಯಲ್ಲಿ ತೂರಿಸಿ ಸಡಿಲು ಬಿಟ್ಟಾಗ ಅದಕ್ಕೆ ಜೀವ ಬಂತು. ತಿರುಗಿದರೆ ತಾನೂ ತಿರುಗಿತು.

ಇನ್ನು ಮೇಡಂ ಬರಬೇಕಲ್ಲ. ಗುರುವಾರ ಗೋರಿತೋಟದ ಗೇಟಿನಲ್ಲಿ ಕಾದು ನಿಂತೆ. ಹೊರಗೆ ಬಂದವರ ಮೊಣಕಾಲಿನ ಮೇಲೆ ಮಣ್ಣಿತ್ತು.

"ಒಂದೇ ಒಂದು ಸಲ ಹಾಕಿ ನೋಡಿ" ಎಂದೆ.

"ನೀನು ಹಟಮಾರಿ."

"ನನ್ನ ಅತ್ತಿ ಇನ್ನೂ ಹಟಮಾರಿ. ಮನೆಯಲ್ಲಿ ಕಾಯುತ್ತಿದ್ದಾಳೆ."

ಕನ್ನಡಿಯ ಮುಂದೆ ಅವರು ಬಹಳ ಹೊತ್ತು ನಿಂತರು. ಟೊಂಕದ ವಿಷಯ ನಾನು ಹೇಳಲಿಲ್ಲ. ಹೇಗೆ ಹೇಳುವುದು? ಗ್ರಾಮಫೋನಿಗೆ ಕೀಲಿ ಕೊಟ್ಟೆ. ಒಂದು ಸುತ್ತು, ಎರಡು ಸುತ್ತು, ಅಂಚು ನೆಲದ ಮೇಲೆ ನೀರಿನ ಗೆರೆಯ ಹಾಗೆ ಸಮನಾಗಿ ಓಡಿತು. ಹಾಡು ಮುಗಿದ ಮೇಲೆ ಅವರ ಎಡಗೈ ತಾನಾಗಿ ಮಡಿಲಿನ ಮೇಲೆ ಹೋಯಿತು. ಅಲ್ಲಿ ಏನಿದೆ ಎಂದು ಮುಟ್ಟಿ ನೋಡುವವರ ಹಾಗೆ ನೋಡಿದರು. ನನ್ನ ಕಡೆ ತಿರುಗಿದರು.

ಅಷ್ಟರಲ್ಲಿ ಅತ್ತಿ ಮೊರ ಹಿಡಿದು ಬಂದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಬೇರು, ಒಂದು ಖಣ. "ಊರು ಬಿಟ್ಟು ಹೊಂಟಾಕಿ, ಬರಿ ಉಡೀಲೆ ಕಳಸಬಾರದು. ಹಿಡೀರಿ ಅನ್ನು ಆಕಿಗೆ. ಮಕ್ಕಳಿಲ್ಲದಾಕಿ ತುಂಬಬಾರದು ಅಂತ ಶಾಸ್ತ್ರ ಇದ್ರ, ಆ ಶಾಸ್ತ್ರ ಇಂಗ್ಲಿಷಿನ್ಯಾಗ ಇಲ್ಲ ಬಿಡು."

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಮೇಡಂ ಎರಡೂ ಕೈಯಿಂದ ಮಡಿಲನ್ನು ಅಗಲಿಸಿ ಹಿಡಿದರು. ಅತ್ತಿ ಬೊಗಸೆಯಿಂದ ಅಕ್ಕಿ ಸುರಿದಳು. ರೇಷ್ಮೆಯ ಮೇಲೆ ಅಕ್ಕಿ ಬಿದ್ದ ಸದ್ದು ಮಳೆಯ ಮೊದಲ ಹನಿಗಳ ಹಾಗಿತ್ತು.

"ಇದನ್ನು ನಾನು ಏನು ಮಾಡಬೇಕು?" ಮೇಡಂ ಪಿಸುಗುಟ್ಟಿದರು. ಅದನ್ನು ಕನ್ನಡದಲ್ಲಿ ಹೇಳಿದೆ.

"ಅನ್ನ ಮಾಡ್ಕೊಂಡ್ ಉಣ್ರಿ ಅನ್ನು" ಎಂದಳು ಅತ್ತಿ. "ಮತ್ತೇನ್ ಮಾಡ್ತಾರ ಅಕ್ಕಿನ?"

ಡ್ಯಾನ್ಸಿನ ಸಂಜೆ ಹೊಲಿಗೆ ಬಿಚ್ಚಿದರೆ ಇರಲಿ ಎಂದು ಸೂಜಿ ದಾರ ಹಿಡಿದು ನಾನೂ ಕ್ಲಬ್ಬಿಗೆ ಹೋದೆ, ಪ್ಯಾಂಟ್ರಿಯ ಬಾಗಿಲಲ್ಲಿ ನಿಂತೆ. ಮೇಣ ತಿಕ್ಕಿದ ಹಲಗೆಯ ನೆಲ ದೀಪಗಳನ್ನು ತಲೆಕೆಳಗಾಗಿ ತೋರಿಸುತ್ತಿತ್ತು. ಮೇಡಂ ಗಂಡನ ತೋಳು ಹಿಡಿದು ಒಳಗೆ ಬಂದರು. ಅಷ್ಟು ಜನರ ಕಣ್ಣು ಕಂಡದ್ದೇ ತಡ, ಅವರ ಮೈ ಕೋಲಾಯಿತು. ನಾನು ಹೆದರಿದ್ದು ಇದಕ್ಕೇ. ನೆಟ್ಟಗೆ ನಿಂತ ಮೈಮೇಲೆ ಗೌನು ಸೊಟ್ಟಗಾಗಿ, ಎಡಗಡೆ ನೆಲ ಗುಡಿಸುತ್ತ ಬಂತು. ಕುರ್ಚಿಗಳ ಸಾಲಿನಲ್ಲಿ ಇಬ್ಬರು ಹೆಂಗಸರು ಬೀಸಣಿಗೆಯ ಹಿಂದೆ ತಲೆ ಕೂಡಿಸಿದರು.

ಬ್ಯಾಂಡಿನವರು ವಾಲ್ಟ್ಜ್ ಎತ್ತಿದರು. ಸಾಹೇಬರು ಬಾಗಿದರು. ಎತ್ತರದ, ಒಣಗಿದ ಮನುಷ್ಯ. ಹೆಂಡತಿಯನ್ನು ಗಾಜಿನ ಸಾಮಾನಿನ ಹಾಗೆ ದೂರದಿಂದ ಹಿಡಿದಿದ್ದರು. ಇಬ್ಬರೂ ಒಬ್ಬರ ಭುಜದಾಚೆ ಒಬ್ಬರು ನೋಡುತ್ತ ಹೆಜ್ಜೆ ಹಾಕಿದರು. ಗೌನಿನ ಎಡಗಡೆಯ ಅಂಚು ಮೇಡಂ ಹಿಮ್ಮಡಿಯ ಹತ್ತಿರ ಬಂತು, ತಪ್ಪಿತು, ಮತ್ತೆ ಬಂತು. ಇನ್ನೊಂದು ತಿರುವಿಗೆ ಕಾಲ ಕೆಳಗೆ ಸಿಗುತ್ತದೆ. ನನ್ನ ಕೈಯ ಸೂಜಿ ಬೆರಳಿಗೆ ಚುಚ್ಚಿದ್ದು ಆಮೇಲೆ ತಿಳಿಯಿತು.

ಆಗ ಮೇಡಂ ನಿಂತರು. ನೆಲದ ನಟ್ಟನಡುವೆ. ಗಂಡನ ಭುಜದ ಮೇಲಿನ ಎಡಗೈಯನ್ನು ತೆಗೆದರು. ಹೊರಟೇ ಬಿಟ್ಟರು ಎಂದುಕೊಂಡೆ. ಸಾಹೇಬರೂ ಹಾಗೇ ಎಂದುಕೊಂಡಿರಬೇಕು, ಅವರ ಕೈ ಗಾಳಿಯಲ್ಲಿ ಉಳಿಯಿತು. ಮೇಡಂ ಹೋಗಲಿಲ್ಲ. ಎಡತೋಳನ್ನು ಬಳಸಿ ತಂದು ಮಡಿಲಿನ ಕೆಳಗೆ ಆನಿಸಿಕೊಂಡರು. ಟೊಂಕ ಹೊರಗೆ ಬಂತು. ಗೌನಿನ ಅಂಚು ಮೇಲೆದ್ದು ಸಮನಾಯಿತು. ಅಲ್ಲಿದ್ದ ತಾಯಂದಿರಿಗೆಲ್ಲ ಆ ನಿಲುವು ಗೊತ್ತಿತ್ತೆಂದು ಕಾಣುತ್ತದೆ, ಬೀಸಣಿಗೆಗಳು ನಿಂತವು.

ಸಾಹೇಬರು ಮೊದಲು ಆ ತೋಳನ್ನು ನೋಡಿದರು. ಆಮೇಲೆ ತೋಳಿನೊಳಗಿನ ಖಾಲಿಯನ್ನು ನೋಡಿದರು. ಬ್ಯಾಂಡು ತನ್ನ ಪಾಡಿಗೆ ನಡೆಯುತ್ತಿತ್ತು, ಉಳಿದ ಜೋಡಿಗಳು ಇವರನ್ನು ಬಳಸಿಕೊಂಡು ಹೋಗುತ್ತಿದ್ದವು. ಸಾಹೇಬರು ಮತ್ತೆ ಬಿಟ್ಟುಬಿಡುತ್ತಾರೆ, ಈ ಸಲ ಮೋಟಾರಿಗೆ ಹೋಗಿ ಕೂರುವವರು ಅವರೇ ಎಂದುಕೊಂಡೆ. ಅವರು ಒಂದು ಹೆಜ್ಜೆ ಮುಂದೆ ಬಂದರು. ಹೆಂಡತಿಯ ಬೆನ್ನಿನ ಮೇಲೆ ಇರಬೇಕಾದ ಬಲಗೈಯನ್ನು ಕೆಳಗೆ ತಂದು ಮಡಿಲಿನ ಅಡಿಗೆ ಕೊಟ್ಟರು, ಆಕೆಯ ತೋಳಿನ ಕೆಳಗೆ ತಮ್ಮ ತೋಳು, ಭಾರವನ್ನು ಇಬ್ಬರೂ ಹಂಚಿಕೊಳ್ಳುವ ಹಾಗೆ. ತಲೆ ಬಗ್ಗಿಸಿ ಆಕೆಯ ಕಿವಿಯಲ್ಲಿ ಏನೋ ಅಂದರು. ಒಂದೇ ಒಂದು ಮಾತು, ಒಂದು ಹೆಸರಿನಷ್ಟೇ ಉದ್ದ. ಪ್ಯಾಂಟ್ರಿಯ ಬಾಗಿಲಿಗೆ ಅದು ಕೇಳಲಿಲ್ಲ, ತುಟಿ ಅಲುಗಿದ್ದು ಮಾತ್ರ ಕಂಡಿತು. ಮೇಡಂ ಕಣ್ಣು ಮುಚ್ಚಿ ತಲೆಯಾಡಿಸಿದರು, ಹೌದೆಂದು.

ಮತ್ತೆ ಕುಣಿಯತೊಡಗಿದರು. ಬ್ಯಾಂಡಿನ ಲಯಕ್ಕಲ್ಲ, ಅದಕ್ಕಿಂತ ನಿಧಾನ. ತಿರುವುಗಳು ಸಣ್ಣ, ಹೆಜ್ಜೆಗಳು ಇನ್ನೂ ಸಣ್ಣ. ತಮ್ಮಿಬ್ಬರ ಮಧ್ಯದಲ್ಲೊಂದು ಕಡೆ ಕಣ್ಣಿಟ್ಟು, ಆಗತಾನೇ ನಿದ್ದೆ ಹತ್ತಿದವರನ್ನು ಎಬ್ಬಿಸಬಾರದು ಎಂಬ ಹಾಗೆ ನೆಲಕ್ಕೆ ಪಾದ ಊರುತ್ತಿದ್ದರು.